ಫ್ರೇಮ್ ರಿಲೇ ಹೋದರೂ ಐಎಸ್‌ಡಿಎನ್ ಬ್ಯಾಕಪ್ ಡಯಲ್ ಆಗುತ್ತಿಲ್ಲ

ಪ್ರಶ್ನೆ:
ಬ್ರಾಂಚ್‌ನಲ್ಲಿ ಹಳೇ ಸಿಸ್ಕೋ ರೂಟರ್ ಇದೆ. ಹೆಡ್ ಆಫೀಸಿಗೆ ಫ್ರೇಮ್ ರಿಲೇ (ಟೆಲಿಕಾಂ ಕಂಪನಿಯ ಡೇಟಾ ಲೈನ್) ಲಿಂಕ್, ಅದು ಹೋದರೆ ಐಎಸ್‌ಡಿಎನ್‌ನಲ್ಲಿ (ಡಿಜಿಟಲ್ ಫೋನ್ ಲೈನ್) ಡಯಲ್ ಆಗಲಿ ಅಂತ ಸೀರಿಯಲ್ 0 (ಫ್ರೇಮ್ ರಿಲೇ ಪೋರ್ಟ್) ಕೆಳಗೆ 'ಬ್ಯಾಕಪ್ ಇಂಟರ್‌ಫೇಸ್ ಬಿಆರ್‌ಐ 0' ಕೊಟ್ಟಿದ್ದೇನೆ, ಬಿಆರ್‌ಐ ಅಂದರೆ ಐಎಸ್‌ಡಿಎನ್ ಪೋರ್ಟ್. ಸೀರಿಯಲ್‌ಗೆ ಶಟ್‌ಡೌನ್ ಕೊಟ್ಟು ನೋಡಿದೆ, ಬಿಆರ್‌ಐ ಸ್ಟ್ಯಾಂಡ್‌ಬೈನಲ್ಲೇ ಇದೆ. ಹೋದ ವಾರ ಲಿಂಕ್ ನಿಜವಾಗಿ ಹೋದಾಗಲೂ ಅದೇ ಕಥೆ. ಪಿಂಗ್ ಇಲ್ಲ, ಆದರೆ ಸೀರಿಯಲ್ ಅಪ್ ಅಂತಲೇ ತೋರಿಸುತ್ತಿತ್ತು. ಎರಡೂ ಕಡೆ ಓಎಸ್‌ಪಿಎಫ್ (ರೂಟರ್‌ಗಳು ರೂಟ್‌ಗಳನ್ನು ತಾವೇ ಹಂಚಿಕೊಳ್ಳುವ ಪ್ರೋಟೋಕಾಲ್) ಇದೆ. ಎಲ್ಲಿ ತಪ್ಪಿದೆ?

ಉತ್ತರ 1:
ಶಟ್‌ಡೌನ್ ಕೊಟ್ಟರೆ ಬ್ಯಾಕಪ್ ಏಳುವುದಿಲ್ಲ. ನೀವೇ ಬೇಕಂತ ಮುಚ್ಚಿದ್ದೀರಿ ಅಂತ ರೂಟರ್ ಸುಮ್ನಿರುತ್ತದೆ. ಕೇಬಲ್ ಕಿತ್ತು ಟೆಸ್ಟ್ ಮಾಡಿ.

ಹೋದ ವಾರದ್ದು ಬೇರೆ ವಿಷಯ. ಫ್ರೇಮ್ ರಿಲೇಯಲ್ಲಿ ನಿಮ್ಮ ಸೀರಿಯಲ್ ಮಾತಾಡುವುದು ಹತ್ತಿರದ ಸ್ವಿಚ್ ಜೊತೆ ಮಾತ್ರ, ಅಲ್ಲಿಂದ ಎಲ್‌ಎಂಐ (ಲೈನ್ ಸ್ಥಿತಿ ಹೇಳುವ ಸಂದೇಶ) ಬರುತ್ತಿದ್ದರೆ ಆಚೆ ಪಿವಿಸಿ (ಹೆಡ್ ಆಫೀಸಿನವರೆಗಿನ ವರ್ಚುವಲ್ ಸರ್ಕ್ಯೂಟ್) ಸತ್ತಿದ್ದರೂ ಇಂಟರ್‌ಫೇಸ್ ಅಪ್. ಪಾಯಿಂಟ್ ಟು ಪಾಯಿಂಟ್ ಸಬ್‌ಇಂಟರ್‌ಫೇಸ್ (ಆ ಒಂದು ಪಿವಿಸಿಗೆ ಮಾತ್ರ ಸೇರಿದ ಉಪ-ಇಂಟರ್‌ಫೇಸ್) ಮಾಡಿ ಬ್ಯಾಕಪ್ ಸಾಲನ್ನು ಅದರ ಕೆಳಗೆ ಹಾಕಿ. ಪಿವಿಸಿ ಇನ್ಆಕ್ಟಿವ್ ಆದರೆ ಅದೂ ಬೀಳುತ್ತದೆ.

ಉತ್ತರ 2:
ಸಬ್‌ಇಂಟರ್‌ಫೇಸ್ ಸರಿ, ಆದರೆ ಡೇಟಾ ಹೋಗದಿದ್ದರೂ ಪಿವಿಸಿ ಆಕ್ಟಿವ್ ಅಂತ ತೋರಿಸುವುದುಂಟು. ಅದಕ್ಕೇ ಬ್ಯಾಕಪ್ ಇಂಟರ್‌ಫೇಸ್ ಪೂರ್ತಿ ತೆಗೆದು ಫ್ಲೋಟಿಂಗ್ ಸ್ಟ್ಯಾಟಿಕ್ ರೂಟ್ (ಮೇನ್ ರೂಟ್ ಇಲ್ಲದಾಗ ಮಾತ್ರ ಬಳಕೆಗೆ ಬರುವ, ಕೈಯಾರೆ ಬರೆದ ರೂಟ್) ಹಾಕಿ ಅಂತೀನಿ. ಓಎಸ್‌ಪಿಎಫ್ ರೂಟ್‌ನ ಡಿಸ್ಟೆನ್ಸ್ (ಕಡಿಮೆ ಇದ್ದದ್ದಕ್ಕೆ ಆದ್ಯತೆ) 110, ಬಿಆರ್‌ಐ ಕಡೆಗಿನ ಸ್ಟ್ಯಾಟಿಕ್‌ಗೆ 200 ಕೊಡಿ. ಪಾಯಿಂಟ್ ಟು ಪಾಯಿಂಟ್‌ನಲ್ಲಿ 40 ಸೆಕೆಂಡ್ ಹಲೋ ('ನಾನಿದ್ದೇನೆ' ಅನ್ನುವ ಓಎಸ್‌ಪಿಎಫ್ ಸಂದೇಶ) ಬರದಿದ್ದರೆ ನೆರೆಯ ರೂಟರ್ ಹೋಯಿತು ಅಂತ ಲೆಕ್ಕ, ಓಎಸ್‌ಪಿಎಫ್ ರೂಟ್ ಅಳಿದು ಸ್ಟ್ಯಾಟಿಕ್ ಒಳಗೆ ಬರುತ್ತದೆ, ಮೊದಲ ಪ್ಯಾಕೆಟ್‌ಗೇ ಡಯಲ್. ಹೆಡ್ ಆಫೀಸಿನಲ್ಲೂ ವಾಪಸ್ ಬರುವ ರೂಟ್ ಹೀಗೇ ಹಾಕಬೇಕು, ಜಾಸ್ತಿ ಜನ ಮರೆಯುವುದು ಇದನ್ನೇ. ಕರೆ ಹೋಗಿರುತ್ತದೆ, ಉತ್ತರ ಬರುವುದಿಲ್ಲ. ಡಯಲ್ ಮಾತ್ರ ಬ್ರಾಂಚ್ ಕಡೆಯಿಂದಲೇ ಇರಲಿ.

ಪ್ರಶ್ನೆ ಕೇಳಿದವರು:
ಫ್ಲೋಟಿಂಗ್ ರೂಟ್ ಹಾಕಿದೆ, ಸಬ್‌ಇಂಟರ್‌ಫೇಸ್ ಇಳಿಸಿದರೆ ಡಯಲ್ ಆಗುತ್ತಿದೆ, ಥ್ಯಾಂಕ್ಸ್! ಆದರೆ ಮೇನ್ ಲಿಂಕ್ ವಾಪಸ್ ಬಂದ ಮೇಲೂ ಐಎಸ್‌ಡಿಎನ್ ಕರೆ ಕಟ್ ಆಗುತ್ತಿಲ್ಲ. ಫೋನ್ ಬಿಲ್ ನೆನೆಸಿಕೊಂಡರೆ ಭಯ.

ಉತ್ತರ 2:
ಡಯಲರ್ ಲಿಸ್ಟ್‌ನಲ್ಲಿ (ಯಾವ ಪ್ಯಾಕೆಟ್‌ಗೆ ಡಯಲ್ ಆಗಬೇಕು ಅನ್ನುವ ಪಟ್ಟಿ) ಐಪಿ ಪೂರ್ತಿ ಪರ್ಮಿಟ್ ಮಾಡಿದ್ದೀರಿ ಅಲ್ವಾ? ಮಾಮೂಲಿ ಐಡಲ್ ಟೈಮರ್ 120 ಸೆಕೆಂಡ್, ಅದು ಮುಗಿದರೆ ಕರೆ ಕಟ್. ಲಿಸ್ಟ್ ಒಪ್ಪಿದ ಒಂದೊಂದು ಪ್ಯಾಕೆಟ್ ಹೋದಾಗಲೂ ಅದು ಮತ್ತೆ ಮೊದಲಿಂದ ಶುರು. ಓಎಸ್‌ಪಿಎಫ್ ಹಲೋ 10 ಸೆಕೆಂಡಿಗೊಮ್ಮೆ ಹೋಗುತ್ತಿದ್ದರೆ ಕರೆ ಯಾವತ್ತೂ ಕಟ್ ಆಗುವುದಿಲ್ಲ. ಬಿಆರ್‌ಐಯನ್ನು ಓಎಸ್‌ಪಿಎಫ್‌ನಲ್ಲಿ ಪ್ಯಾಸಿವ್ (ಹಲೋ ಕಳಿಸದಂತೆ) ಮಾಡಿ, ಡಯಲರ್ ಲಿಸ್ಟ್‌ಗೆ ಆಕ್ಸೆಸ್ ಲಿಸ್ಟ್ ಕಟ್ಟಿ ಬ್ರಾಡ್‌ಕಾಸ್ಟ್, ಎನ್‌ಟಿಪಿ (ಗಡಿಯಾರ ಹೊಂದಿಸುವ ಟ್ರಾಫಿಕ್) ಎಲ್ಲ ಡಿನೈ ಮಾಡಿ. ಆಮೇಲೂ ನಿಲ್ಲದಿದ್ದರೆ 'ಡಿಬಗ್ ಡಯಲರ್ ಪ್ಯಾಕೆಟ್ಸ್' ಹಾಕಿ, ಲೈನ್ ಹಿಡಿದಿರುವ ಪ್ಯಾಕೆಟ್ ಯಾವ ಐಪಿಯಿಂದ ಬರುತ್ತಿದೆ ಅಂತ ಅಲ್ಲೇ ಕಾಣುತ್ತದೆ. ಆ ಔಟ್‌ಪುಟ್ ಇಲ್ಲಿ ಹಾಕಿ, ನೋಡೋಣ.