ಆನ್‌ಲೈನ್ ಭಜನೆ: ತಾಳ ಕೆಡದಂತೆ ನಡೆಸುವುದು ಹೇಗೆ?

ಪ್ರಶ್ನೆ: 2020ರ ಲಾಕ್‌ಡೌನ್‌ನಂಥ ಕಾಲ ಮತ್ತೆ ಬಂದರೆ, ಒಂಟಿಯಾಗಿರುವ ಹಿರಿಯರ ಭಜನಾ ಮಂಡಳಿಯನ್ನು ಝೂಮ್‌ನಲ್ಲಿ ನಡೆಸುವುದು ಹೇಗೆ? ಎಲ್ಲರೂ ಹಾಡಿದರೆ ಗೋಜಲಾಗುತ್ತದೆ.

ಉತ್ತರ 1: ಒಟ್ಟಿಗೆ ಹಾಡಿಸಲೇಬೇಡಿ. ದನಿ ತಲುಪುವುದು ಸುಮಾರು 30 ಮಿಲಿಸೆಕೆಂಡ್‌ಗಿಂತ ತಡವಾದರೆ ತಾಳ ಹಿಡಿಯುವುದು ಕಷ್ಟ. ವಿಡಿಯೊ ಕರೆಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ತಡ. ಒಬ್ಬರ ಮೈಕ್ ಮಾತ್ರ ತೆರೆದಿರಲಿ, ಉಳಿದವರು ಮ್ಯೂಟ್‌ನಲ್ಲೇ ದನಿಗೂಡಿಸಲಿ. ತಂಬೂರಿ ಶ್ರುತಿಯನ್ನು ಝೂಮ್ ಗದ್ದಲವೆಂದು ಅಳಿಸಿಬಿಡಬಹುದು; ಹಾಡುವವರು ‘ಒರಿಜಿನಲ್ ಸೌಂಡ್’ ಆನ್ ಮಾಡಿಕೊಳ್ಳಲಿ.

ಉತ್ತರ 2: ಗಮಕ ಇನ್ನೂ ಚೆನ್ನ. ಒಬ್ಬರ ಕಾವ್ಯವಾಚನ, ಇನ್ನೊಬ್ಬರ ವ್ಯಾಖ್ಯಾನ. ದನಿಗಳು ಡಿಕ್ಕಿಯಾಗುವುದೇ ಇಲ್ಲ.

ಉತ್ತರ 3: ಕೊನೆಗೆ 15 ನಿಮಿಷ ಬರೀ ಮಾತಿಗೆ ಬಿಡಿ, ದಯವಿಟ್ಟು ಅದನ್ನು ಕತ್ತರಿಸಬೇಡಿ. ಎರಡು ಸಲ ಬಾರದವರಿಗೆ ಫೋನ್ ಮಾಡಿ. ಊಟ, ನಿದ್ದೆ ಬಿಟ್ಟವರಿಗೆ ಭಜನೆಯೊಂದೇ ಸಾಲದು: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೂ ಮಾತಾಡಬಹುದು.