ಆರು ಸಿಲಿಂಡರ್ ಪೆಟ್ರೋಲಾ, ಎಲೆಕ್ಟ್ರಿಕ್ಕಾ? ಗ್ಯಾರೇಜಿನವರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಸರ್. ನಾವಿರೋದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಊರು ಮಂಗಳೂರು, ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಹೋಗಿ ಬರುತ್ತೇನೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಎರಡು ಗಾಡಿ ನೋಡಿಟ್ಟಿದ್ದೇನೆ. ಎರಡೂ 2022ರವು, ಎರಡೂ ಬಿಎಂಡಬ್ಲ್ಯು. ಒಂದು ಎಂ340ಐ, ಪೆಟ್ರೋಲ್. ಇನ್ನೊಂದು ಐ4 ಇಡ್ರೈವ್40, ಎಲೆಕ್ಟ್ರಿಕ್. ಓಡಿಸೋ ಖುಷಿ ಬೇಕು, ಜೇಬಿಗೂ ಜಾಸ್ತಿ ಪೆಟ್ಟು ಬೀಳಬಾರದು. ಯಾವುದು ತಗೊಳ್ಳಲಿ?

ಉತ್ತರ: ನಮಸ್ಕಾರ. ಮೊದಲು ನೀವು ಹೇಳಿ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಿ? ಅಲ್ಲಿ ಚಾರ್ಜರ್ ಹಾಕಿಸೋಕೆ ಆಗುತ್ತಾ? ಆಗಲ್ಲ ಅಂದರೆ ಮುಂದೆ ಓದೋದೇ ಬೇಡ, ಪೆಟ್ರೋಲ್ ತಗೊಳ್ಳಿ. ದಿನಾ ಹೊರಗಿನ ಚಾರ್ಜರ್ ನಂಬಿಕೊಂಡು ಇವಿ, ಅಂದರೆ ಎಲೆಕ್ಟ್ರಿಕ್ ಗಾಡಿ, ಇಟ್ಟವರು ನನ್ನ ಹತ್ತಿರ ಬಂದು ಗೊಣಗಿದ್ದೇ ಜಾಸ್ತಿ.

ಚಾರ್ಜರ್ ಹಾಕಿಸಬಹುದು ಅಂದುಕೊಳ್ಳೋಣ. ಈಗ ಓಟದ ವಿಷಯ. ಎಲೆಕ್ಟ್ರಿಕ್ ಅಂದರೆ ಪೆಟ್ರೋಲಿಗಿಂತ ಫಾಸ್ಟು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಈ ಜೋಡಿಯಲ್ಲಿ ಅದು ಉಲ್ಟಾ. ಎಂ340ಐ ಸೊನ್ನೆಯಿಂದ 100ಕ್ಕೆ ಹೋಗೋದು 4.4 ಸೆಕೆಂಡಲ್ಲಿ, ನಾಲ್ಕೂ ಚಕ್ರಕ್ಕೆ ಎಳೆತ ಇದೆ. ಐ4ಗೆ 5.7 ಸೆಕೆಂಡ್ ಬೇಕು, ಹಿಂದಿನ ಎರಡೇ ಚಕ್ರಕ್ಕೆ ಎಳೆತ. ತೂಕ ಬೇರೆ ಸುಮಾರು 2.1 ಟನ್. ಪೆಟ್ರೋಲ್ ಗಾಡಿ ಮೂರೂವರೆ ಕ್ವಿಂಟಲ್‌ಗಿಂತ ಜಾಸ್ತಿ ಹಗುರ.

ಆದರೆ ಶಿರಾಡಿಯಲ್ಲಿ ಗ್ಯಾಸಿನ ಬುಲೆಟ್ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡಾಗ ನಿಮಗೆ ಬೇಕಾಗೋದು 40ರಿಂದ 80ಕ್ಕೆ ಹೋಗೋ ಓಟ. ಪೆಟ್ರೋಲಲ್ಲಿ ಕಾಲು ಒತ್ತಿದ ಮೇಲೆ ಗೇರ್‌ಬಾಕ್ಸ್ ಗೇರ್ ಇಳಿಸಬೇಕು, ಟರ್ಬೋ ಗಾಳಿ ತುಂಬಬೇಕು, ಆಮೇಲೆ ಎಳೆತ. ಅದೊಂದು ಗಳಿಗೆ ಅಷ್ಟೇ, ಆದರೆ ಗೊತ್ತಾಗುತ್ತೆ. ಐ4ನಲ್ಲಿ ಆ ಗಳಿಗೆಯೇ ಇಲ್ಲ. ಕಾಲು ಒತ್ತಿದ ಕ್ಷಣ ಗಾಡಿ ಮುಂದೆ ಇರುತ್ತದೆ. ಖುಷಿ ಅಂದರೆ ನಿಮಗೆ ಯಾವುದು, ಇದಾ, ಇಲ್ಲಾ ಇಂಜಿನ್ 6,000 ಆರ್‌ಪಿಎಂ ಕಡೆ ಏರುವಾಗ ಬರೋ ಆ ಹಾಡಾ? ಅದನ್ನು ನಾನು ಹೇಳೋಕಾಗಲ್ಲ. ನನ್ನನ್ನೇ ಕೇಳಿದರೆ ಹಾಡು.

ಖರ್ಚು: ಬೆಂಗಳೂರಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಎಂ340ಐ ಲೀಟರಿಗೆ 12 ಕೊಟ್ಟರೆ 29 ಲೀಟರ್, ಅಂದರೆ ಒಂದು ದಾರಿಗೆ ಮೂರು ಸಾವಿರದ ಹತ್ತಿರ. ಐ4 ಯೂನಿಟ್‌ಗೆ ಐದೂವರೆ ಕಿಲೋಮೀಟರ್ ಓಡಿದರೆ 64 ಯೂನಿಟ್. ಚಾರ್ಜ್ ಮಾಡುವಾಗ ಸೋರುವುದೂ ಸೇರಿ 70 ಹಿಡಿಯಿರಿ. ಮನೆ ಕರೆಂಟು ಯೂನಿಟ್‌ಗೆ 8 ರೂಪಾಯಿ ಅಂದರೆ 560 ರೂಪಾಯಿ. ಫುಲ್ ಚಾರ್ಜಿಗೆ ಕಂಪನಿ 590 ಕಿಲೋಮೀಟರ್ ಅಂತ ಬರೆದುಕೊಂಡಿದೆ, ಅದನ್ನು ಮರೆತುಬಿಡಿ. ಹೈವೇಯಲ್ಲಿ 440 ಬಂದರೆ ಸಾಕು.

ಪ್ರಶ್ನೆ (ಇನ್ನೊಬ್ಬರು): ಘಾಟಿ ಇಳಿಯುವಾಗ ಬ್ಯಾಟರಿ ತುಂಬುತ್ತೆ ಅಂತಾರಲ್ಲ ಅಣ್ಣಾ, ನಿಜವಾ?

ಉತ್ತರ: ತುಂಬುತ್ತೆ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹೇಳುವಷ್ಟಲ್ಲ. ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 800 ಮೀಟರ್ ಇಳಿದರೆ, ಜನ ಸೇರಿ 2.2 ಟನ್ ಆಗುವ ಗಾಡಿಯಲ್ಲಿ ಇರುವ ಶಕ್ತಿ ಲೆಕ್ಕ ಹಾಕಿದರೆ ಐದು ಯೂನಿಟ್ ಕೂಡ ಆಗಲ್ಲ. ಅದರಲ್ಲಿ ಒಂದು ಪಾಲು ಗಾಳಿಗೆ, ಟೈರಿಗೆ ಹೋಗುತ್ತೆ. ಹಾಗಾಗಿ ಘಾಟಿಯ ಬುಡದ ಗುಂಡ್ಯ ತಲುಪುವಾಗ ಬ್ಯಾಟರಿ ಮೀಟರ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತೆ. ಅದೇ ದೊಡ್ಡ ಲಾಭ.

ಒಂದು ಮಾತು. ಘಟ್ಟದ ಮೇಲಿನ ಊರಲ್ಲಿ ರಾತ್ರಿ 100 ಪರ್ಸೆಂಟ್ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಯಬೇಡಿ. ತುಂಬಿದ ಕೊಡಕ್ಕೆ ನೀರು ಹಿಡಿಯಲ್ಲ, ಅಲ್ವಾ? ಮೋಟಾರು ಹಿಡಿದು ನಿಲ್ಲಿಸೋದು ಕಡಿಮೆಯಾಗಿ ಎಲ್ಲ ಭಾರ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತೆ. 80ಕ್ಕೆ ನಿಲ್ಲಿಸಿ.

ಪ್ರಶ್ನೆ (ಮೊದಲಿನವರು): ಇವಿಗೆ ಸರ್ವಿಸೇ ಬೇಡ ಅಂತ ಮಾರುವವರು ಹೇಳಿದರು.

ಉತ್ತರ: ಇಂಜಿನ್ ಆಯಿಲ್ ಬೇಡ, ಸ್ಪಾರ್ಕ್ ಪ್ಲಗ್ ಬೇಡ. ಅಷ್ಟು ನಿಜ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಇದಕ್ಕೂ ಬದಲಿಸಬೇಕು. ಬ್ರೇಕ್ ಬಳಕೆ ಕಡಿಮೆಯಾದ್ದರಿಂದ ಮಂಗಳೂರಿನ ಮಳೆಗೆ ಡಿಸ್ಕ್ ತುಕ್ಕು ಹಿಡಿಯುತ್ತೆ. ತೂಕಕ್ಕೆ ಟೈರ್ ಬೇಗ ಸವೆಯುತ್ತೆ. ಕೆಲವು ಟೈರಿನ ಒಳಗೆ ಸದ್ದು ತಗ್ಗಿಸೋಕೆ ಸ್ಪಾಂಜ್ ಅಂಟಿಸಿರುತ್ತಾರೆ. ಹೈವೇ ಪಂಕ್ಚರ್ ಅಂಗಡಿಯವನು ಬಿಚ್ಚಿ ನೋಡಿ ತಲೆ ಕೆರೆದುಕೊಳ್ಳುತ್ತಾನೆ. ಅದನ್ನು ಆ ಜಾಗದಲ್ಲಿ ಮಾತ್ರ ಕತ್ತರಿಸಿ ತೆಗೆದು ಪ್ಯಾಚ್ ಹಾಕಬೇಕು.

ಹೋದ ವರ್ಷ ಒಂದು ದುಬಾರಿ ಇವಿ ನನ್ನ ಗ್ಯಾರೇಜಿಗೆ ಲಾರಿ ಮೇಲೆ ಬಂತು. ಕಂಪನಿ ಹೆಸರು ಬೇಡ. ದೊಡ್ಡ ಬ್ಯಾಟರಿ 80 ಪರ್ಸೆಂಟ್ ತುಂಬಿತ್ತು, ಆದರೂ ಬಾಗಿಲು ತೆರೆಯುತ್ತಿರಲಿಲ್ಲ. ಓನರ್ ಮುಖ ಬಿಳಿಚಿಕೊಂಡಿತ್ತು. ಕೊನೆಗೆ ನೋಡಿದರೆ ಸತ್ತಿದ್ದು ಮಾಮೂಲಿ 12 ವೋಲ್ಟ್ ಬ್ಯಾಟರಿ! ಇವಿಯಲ್ಲೂ ಅದೊಂದು ಇರುತ್ತೆ. ಬೀಗ, ಕಂಪ್ಯೂಟರ್ ಎಲ್ಲ ಎಚ್ಚರವಾಗೋದು ಅದರಿಂದಲೇ.

ನೀವು ತಗೊಳ್ಳೋ ಮುಂಚೆ ದೊಡ್ಡ ಬ್ಯಾಟರಿಯ ಆರೋಗ್ಯದ ರಿಪೋರ್ಟ್ ಕೇಳಿ, ಬಾಯಿ ಮಾತು ಬೇಡ. ಅದರ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಅಂದರೆ ಹೆಚ್ಚೆಂದರೆ 2030ರವರೆಗೆ. ಐಷಾರಾಮಿ ಇವಿಗಳ ಬೆಲೆ ಬೇಗ ಇಳಿಯುತ್ತೆ. ಮೊದಲ ಓನರ್‌ಗೆ ಅದು ಹೊಟ್ಟೆ ಉರಿ, ನಿಮಗೆ ಚೌಕಾಸಿಗೆ ದಾರಿ. ಪೆಟ್ರೋಲ್ ಗಾಡಿಯಲ್ಲಿ ವಾರಂಟಿ ಮುಗಿದ ಮೇಲೆ ಕೂಲಂಟ್ ಪೈಪು, ಗ್ಯಾಸ್ಕೆಟ್ಟು ಒಂದೊಂದಾಗಿ ಶುರುವಾಗುತ್ತೆ.

ಪ್ರಶ್ನೆ (ಮತ್ತೊಬ್ಬರು): ಐ4ನಲ್ಲೂ ಸದ್ದು ಬರುತ್ತಲ್ಲ ಸರ್?

ಉತ್ತರ: ಬರುತ್ತೆ, ಸ್ಪೀಕರಿನಲ್ಲಿ. ಸಿನಿಮಾ ಸಂಗೀತಗಾರ ಹ್ಯಾನ್ಸ್ ಜಿಮ್ಮರ್ ಜೊತೆ ಸೇರಿ ಮಾಡಿಸಿದ್ದು. ಹ್ಯುಂಡೈ ಐಯೋನಿಕ್ 5 ಎನ್ ಇನ್ನೂ ಒಂದು ಹೆಜ್ಜೆ ಮುಂದೆ, ಇಲ್ಲದ ಗೇರ್ ಬದಲಿಸಿದ ಹಾಗೆ ಜರ್ಕ್ ಕೂಡ ಕೊಡುತ್ತೆ. ಒಂದು ವಾರ ಮಜಾ. ಆಮೇಲೆ ನಾನಾದರೆ ಆಫ್ ಮಾಡ್ತೀನಿ.

ಪ್ರಶ್ನೆ (ಮೊದಲಿನವರು): ಅಸೋಸಿಯೇಶನ್‌ನವರು ಚಾರ್ಜರ್‌ಗೆ ಹೂಂ ಅಂದರು ಸರ್. ಮೀಟರ್ ಬೋರ್ಡಿನಿಂದ ನನ್ನ ಪಾರ್ಕಿಂಗ್‌ಗೆ 40 ಮೀಟರ್. ಎಲೆಕ್ಟ್ರಿಷಿಯನ್ 6 ಸ್ಕ್ವೇರ್ ಎಂಎಂ ವೈರ್ ಸಾಕು ಅಂತಿದ್ದಾನೆ.

ಉತ್ತರ: ಹಾಗಾದರೆ ಐ4 ನೋಡಬಹುದು. ಆದರೆ 7.4 ಕಿಲೋವ್ಯಾಟ್ ಚಾರ್ಜರ್ ರಾತ್ರಿಯಿಡೀ 32 ಆಂಪ್ ಎಳೆಯುತ್ತೆ. ಗೀಸರ್ ಥರ ಹತ್ತು ನಿಮಿಷದ ಕೆಲಸ ಅಲ್ಲ. ಅಷ್ಟು ದೂರಕ್ಕೆ 10 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ಲೇ ಎಳೆಸಿ, ಅರ್ಥಿಂಗ್ ಬೇರೆ ಮಾಡಿಸಿ. ಮಂಜೂರಾದ ಲೋಡ್ ಎಷ್ಟಿದೆ ಅಂತ ಬೆಸ್ಕಾಂ ಬಿಲ್ಲಿನಲ್ಲಿ ನೋಡಿ ಇಲ್ಲೇ ಹಾಕಿ.