ಪದ ಬೇಕಿದೆ: ರೈಲಿನ ‘ಲಿವರಿ’ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ಗೆಳೆಯರೇ,

ಬ್ರಿಟಿಷ್ ರೈಲ್ 1965ರಲ್ಲಿ ತನ್ನ ಚಹರೆಯನ್ನೇ ಬದಲಿಸಿಕೊಂಡ ಕತೆಯ ಮೇಲೆ ಒಂದು ಪುಟ್ಟ ಪ್ರದರ್ಶನ ಇದೆ. ಫಲಕಗಳ ಅನುವಾದ ನನ್ನ ತಲೆಗೆ ಬಂದಿದೆ. ನಾಳೆ ಹನ್ನೊಂದಕ್ಕೆ ಪ್ರಿಂಟಿಗೆ ಕೊಡಬೇಕು. ಎರಡು ಕಡೆ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು ಲಿವರಿ. ಸಾಲು ಹೀಗಿದೆ: “ಅಲ್ಲಿಯವರೆಗೆ ವಲಯಕ್ಕೊಂದು ______ ಇತ್ತು. ದಕ್ಷಿಣ ವಲಯದ ಬೋಗಿಗಳು ಹಸಿರು, ಪಶ್ಚಿಮದ ಕೆಲವು ಗಾಡಿಗಳು ಚಾಕಲೇಟು–ಕೆನೆ. ಆಮೇಲೆ ದೂರದ ಗಾಡಿಗಳಿಗೆಲ್ಲ ನೀಲಿ–ಬೂದು.” ಬರೀ ‘ಬಣ್ಣ’ ಅಂದರೆ ಸಾಲದು. ಪಟ್ಟೆ, ಅಕ್ಷರ, ಗುರುತು ಎಲ್ಲ ಸೇರಿಯೇ ಲಿವರಿ ಅಲ್ವಾ?

ಎರಡನೆಯದು ಡಬಲ್ ಆ್ಯರೋ, ಅಂದರೆ ಬ್ರಿಟಿಷ್ ರೈಲ್‌ನ ಆಗಿನ ಹೊಸ ಲಾಂಛನ. ಡಿಸೈನ್ ರಿಸರ್ಚ್ ಯೂನಿಟ್‌ನ ಜೆರಾಲ್ಡ್ ಬಾರ್ನಿ ಕೆಲಸಕ್ಕೆ ಹೋಗುವಾಗ ಲಕೋಟೆಯ ಹಿಂಬದಿಯಲ್ಲಿ ಗೀಚಿದ್ದಂತೆ. ಎರಡು ಅಡ್ಡಗೆರೆ ಅಂದರೆ ಹಳಿ. ಅದರ ಮೇಲೆ ಹೋಗುವ ಒಂದು ಬಾಣ, ಬರುವ ಒಂದು ಬಾಣ. ‘ಇಬ್ಬಾಣ’ ಅಂತ ಬರೆದಿಟ್ಟಿದ್ದೇನೆ. ನಡೆಯುತ್ತಾ?

— ಅ.

*

ನಡೆಯುವುದಿಲ್ಲ. ಅರಿಸಮಾಸ: ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ಬಾಣಕ್ಕೆ ಕನ್ನಡದಲ್ಲಿ ಕಣೆ ಇದೆ. ಇಕ್ಕೆಲ, ಇಕ್ಕಡೆ ಇದ್ದ ಹಾಗೆ ‘ಇಕ್ಕಣೆ’. ಮುಗಿಯಿತು.

ಲಿವರಿ ಬಗ್ಗೆ ಸ್ವಲ್ಪ ಹೇಳಬೇಕು. ಅದು ಫ್ರೆಂಚಿನಿಂದ ಬಂದದ್ದು. ಮೂಲದಲ್ಲಿ ‘ಕೊಟ್ಟದ್ದು’ ಎಂಬ ಅರ್ಥ. ಒಡೆಯ ತನ್ನ ಆಳುಗಳಿಗೆ ಕೊಡುತ್ತಿದ್ದ ಬಟ್ಟೆ. ಆ ಬಟ್ಟೆ ನೋಡಿದರೆ ಆಳು ಯಾರ ಮನೆಯವನು ಅಂತ ಗೊತ್ತಾಗುತ್ತಿತ್ತು. ಈಗ ನಮ್ಮ ‘ಉಡುಗೊರೆ’ ನೋಡಿ. ಒಳಗೆ ಉಡು ಕೂತಿದೆ. ಉಡಲು ಕೊಟ್ಟದ್ದೇ ಉಡುಗೊರೆ. ಎರಡು ಭಾಷೆ, ಒಂದೇ ಯೋಚನೆ! ನಾವು ಅದನ್ನು ಹುಟ್ಟುಹಬ್ಬದ ಗಿಫ್ಟ್ ಮಾಡಿ ಹಾಳುಮಾಡಿದೆವು. ‘ರೈಲಿನ ಉಡುಗೊರೆ’ ಅಂತಲೇ ಹಾಕಿ. ಓದುಗರು ಕಲಿಯಲಿ.

— ನಂ.

*

ನಂ. ಅವರೇ, ಓದುಗರು ಕಲಿಯುವುದಿಲ್ಲ, ‘ಯಾರಿಗೆ ಕೊಟ್ಟರು?’ ಅಂತ ಕೇಳುತ್ತಾರೆ. ಇಕ್ಕಣೆ ಅಂದರೆ ಇಕ್ಕಳ ಹುಡುಕುತ್ತಾರೆ. ಅರಿಸಮಾಸದ ಗುಮ್ಮ ಬೇಡ. ಮರುಪ್ರಸಾರ, ಅಡ್ಡಪರಿಣಾಮ ಅಂತ ದಿನಾ ಬರೆಯುತ್ತೀವಿ, ಯಾರ ತಲೆಯೂ ಬಿದ್ದಿಲ್ಲ.

ಅ. ಅವರೇ, ‘ಜೋಡಿ ಬಾಣ’ ಹಾಕಿ. ಇಂಗ್ಲೆಂಡಿನಲ್ಲಿ ಅದನ್ನು ಗೇಲಿ ಮಾಡಿದವರು ‘ಅತ್ತಲೋ ಇತ್ತಲೋ ಬಾಣ’ ಎನ್ನುವ ಧಾಟಿಯಲ್ಲಿ ಅಡ್ಡಹೆಸರು ಇಟ್ಟಿದ್ದರು. ಹಾಗೆಂದು ಅವರು ದಿಕ್ಕಿನ ವಿಷಯದಲ್ಲಿ ಸಡಿಲ ಇರಲಿಲ್ಲ. ಅದೇ ಗುರುತನ್ನು ರೈಲ್ವೆಯ ಹಡಗುಗಳ ಹೊಗೆ ಕೊಳವೆ ಮೇಲೂ ಬರೆದರು. ಎಡಬದಿಯಲ್ಲಿ ಮಾತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಯಾಕೆ? ಮೇಲಿನ ಬಾಣ ಎರಡೂ ಬದಿಯಲ್ಲಿ ಹಡಗಿನ ಮೂತಿ ಕಡೆಗೇ ಇರಲಿ ಅಂತ! ಇದಕ್ಕೂ ಮುಂಚೆ ಎಂಜಿನ್ ಮೇಲಿನ ಹಳೆಯ ಲಾಂಛನದ ಸಿಂಹವನ್ನು ಹೀಗೇ ಎರಡೂ ಬದಿಯಲ್ಲಿ ಮುಂದೆ ನೋಡಿಸಲು ಹೋಗಿ, ಲಾಂಛನಗಳ ಉಸ್ತುವಾರಿ ಕಚೇರಿಯವರಿಂದ ಬೈಸಿಕೊಂಡಿದ್ದರು. ಮಂಜೂರಾಗಿದ್ದು ಎಡಕ್ಕೆ ನೋಡುವ ಸಿಂಹ ಮಾತ್ರ. ಬಾಣಕ್ಕೆ ಅಂಥ ಕಾಟ ಇರಲಿಲ್ಲ.

ಲಿವರಿಗೆ ‘ಮೈಬಣ್ಣ’. ಬಸ್ಸಿಗೂ ಆಗುತ್ತೆ, ವಿಮಾನಕ್ಕೂ ಆಗುತ್ತೆ.

— ಶಾ.

*

ಮೈಬಣ್ಣ ಮದುವೆ ಜಾಹೀರಾತಿನ ಪದ.

— ನಂ.

*

ನನ್ನದೊಂದು ತಕರಾರು. ಫಲಕದಲ್ಲಿ ‘ಬೋಗಿ’ ಯಾಕೆ? ಬೋಗಿ ಅಂದರೆ ಕೆಳಗಿರುವ ಚಕ್ರದ ಚೌಕಟ್ಟು. ಕೂರುವುದು ಕೋಚಿನಲ್ಲಿ. ಚೌಕಟ್ಟಿಗೆ ಯಾರೂ ಚಾಕಲೇಟು–ಕೆನೆ ಬಳಿದಿಲ್ಲ.

— ರೈಲ್ವೆ ನಿವೃತ್ತ

*

ಸ್ವಾಮಿ, ‘ರೈಲು’ ಅಂದರೂ ಕಬ್ಬಿಣದ ಕಂಬಿಯೇ. ನಾವು ಕಂಬಿಯ ಹೆಸರನ್ನು ಗಾಡಿಗೆ ಕೊಟ್ಟೆವು, ಚಕ್ರದ ಚೌಕಟ್ಟಿನ ಹೆಸರನ್ನು ಡಬ್ಬಿಗೆ ಕೊಟ್ಟೆವು. ಎರವಲು ತಂದ ಪಾತ್ರೆಯಲ್ಲಿ ಏನು ಬೇಯಿಸಬೇಕು ಅಂತ ಕೊಟ್ಟವರು ಹೇಳುವ ಹಾಗಿಲ್ಲ. ಬೋಗಿ ಈಗ ಕನ್ನಡ ಪದ, ಕನ್ನಡದ ಅರ್ಥದಲ್ಲೇ ಇರುತ್ತೆ.

— ಶಾ.

*

ಇದೇ ಧೋರಣೆಯಿಂದ ಉಗಿಬಂಡಿ ಹೋಯಿತು. ನಾಳೆ ಹಳಿಯೂ ‘ಟ್ರ್ಯಾಕ್’ ಆಗುತ್ತದೆ. ಆಗಲೂ ಪಾತ್ರೆ ಕತೆ ಹೇಳಿ.

— ನಂ.

*

ಉಗಿಬಂಡಿ ಹೋದದ್ದು ಉಗಿ ಹೋಗಿದ್ದಕ್ಕೆ. ಡೀಸೆಲ್ ಗಾಡಿಯನ್ನು ಉಗಿಬಂಡಿ ಅನ್ನಲಾ? ಲಾಂಛನಕ್ಕೆ ಬನ್ನಿ. ನಮ್ಮ ರೈಲ್ವೆಗೆ 150 ವರ್ಷ ಆದಾಗ, ಕೈಯಲ್ಲಿ ಹಸಿರು ಲಾಟೀನು ಹಿಡಿದ ಆನೆ ಗಾರ್ಡನ್ನು ತಂದರು. 2002ರ ಏಪ್ರಿಲ್ 16ರಂದು, ನಮ್ಮ ಬೆಂಗಳೂರಿನಲ್ಲೇ. ಭೋಲು ಅಂತ ಹೆಸರು. ಆ ಮ್ಯಾಸ್ಕಾಟ್‌ಗೆ ಇವತ್ತಿನವರೆಗೆ ನೀವ್ಯಾರೂ ಒಂದು ಪದ ಕೊಟ್ಟಿಲ್ಲ. ಲಾಂಛನ ಬೇರೆ, ಅದು ಬೇರೆ. ಮಕ್ಕಳು ಮಾತ್ರ ಸುಮ್ನೆ ‘ರೈಲ್ವೆ ಆನೆ’ ಅಂದರು.

— ಶಾ.

*

ಎಲ್ಲರಿಗೂ ಥ್ಯಾಂಕ್ಸ್. ಮೈಬಣ್ಣ, ಜೋಡಿ ಬಾಣ ಹಾಕಿ ಕಳಿಸಿಬಿಟ್ಟೆ. ಬೋಗಿ ಹಾಗೇ ಉಳಿಯಿತು, ನಿವೃತ್ತರು ಮನ್ನಿಸಬೇಕು. ನಂ. ಅವರೇ, ಉಡುಗೊರೆ ವಿಷಯ ಫಲಕದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೇನೆ.

ಈಗ ಪ್ರಿಂಟ್ ಅಂಗಡಿಯಿಂದ ಫೋನ್. ಮೂರನೇ ಫಲಕದಲ್ಲಿ ‘ರೈಲ್ವೆ’, ಐದರಲ್ಲಿ ‘ರೈಲ್ವೇ’ ಇದೆಯಂತೆ. ಯಾವುದು ಸರಿ? ಅರ್ಧ ಗಂಟೆ ಟೈಮ್ ಇದೆ. ದಯವಿಟ್ಟು ಒಬ್ಬರೇ ಉತ್ತರಿಸಿ.

— ಅ.